ಗಡಿನಾಡಿನ ಗ್ರಂಥಾಲಯದಲ್ಲಿ ಸೂಚೀಕರಣ: ಕಾಸರಗೋಡಿನ ಬಹುಭಾಷಾ ಸಂಗ್ರಹಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ಗ್ರಂಥಾಲಯದಲ್ಲಿ ಸೂಚೀಕರಣದ, ಅಂದರೆ ಪುಸ್ತಕಗಳ ವಿವರಗಳನ್ನು ಹುಡುಕಿದಾಗ ಸಿಗುವಂತೆ ದಾಖಲಿಸುವ, ಕೆಲಸಕ್ಕೆ ಕೈಹಾಕುವವರು ಮೊದಲು ಮನಗಾಣಬೇಕಾದ ಸಂಗತಿಯೊಂದಿದೆ. ಇಲ್ಲಿ ಪುಸ್ತಕ ಕೇಳಿಕೊಂಡು ಬರುವವರು ಅದನ್ನು ಯಾವ ಹೆಸರಿನಿಂದ, ಯಾವ ಲಿಪಿಯಲ್ಲಿ ಹುಡುಕುತ್ತಾರೆಂದು ಮುಂಚಿತವಾಗಿ ಹೇಳಲು ಬರುವುದಿಲ್ಲ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಮಾತನಾಡಿ, ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು, ಸರಕಾರಿ ಕಚೇರಿಯಲ್ಲಿ ಮಲಯಾಳದಲ್ಲಿ ವ್ಯವಹರಿಸಿ, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸುವ ಓದುಗರು ಇಲ್ಲಿ ಸಾಮಾನ್ಯ. ಓದುಗರ ಸಮಯವನ್ನು ಉಳಿಸಬೇಕೆಂಬುದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಮಂಡಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಗಡಿನಾಡಿನಲ್ಲಿ ಆ ಸೂತ್ರವನ್ನು ಪಾಲಿಸುವುದೆಂದರೆ, ಒಂದೇ ಪುಸ್ತಕವನ್ನು ಯಾವ ಭಾಷೆಯ ಓದುಗರು ಯಾವ ಹೆಸರಿನಿಂದ ಹುಡುಕಿದರೂ ಅದು ಸಿಗುವಂತೆ ದಾಖಲೆಯನ್ನು ಕಟ್ಟುವುದು ಎಂದೇ ಅರ್ಥ.

ಈ ಮಾರ್ಗದರ್ಶಿಯು ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶ, ಪುಸ್ತಕದ ಪ್ರತಿ ವಿವರವನ್ನೂ ಸಂಖ್ಯೆಯಿಂದ ಗುರುತಿಸುವ ಕ್ಷೇತ್ರಗಳಲ್ಲಿ ತುಂಬುವ ಮಾರ್ಕ್ 21 ನಮೂನೆ ಮತ್ತು ವಿಷಯಗಳಿಗೆ ಸಂಖ್ಯೆ ಕೊಡುವ ಡ್ಯೂಯಿ ದಶಾಂಶ ವರ್ಗೀಕರಣವನ್ನು ಬಳಸುವ ಕಾಲೇಜು ಗ್ರಂಥಾಲಯಗಳನ್ನೂ, ಕೇರಳ ರಾಜ್ಯ ಲೈಬ್ರರಿ ಕೌನ್ಸಿಲಿಗೆ ಸೇರಿದ ಊರ ಗ್ರಂಥಾಲಯಗಳನ್ನೂ ಗಮನದಲ್ಲಿಟ್ಟುಕೊಂಡಿದೆ. ಬೇರೆ ತಂತ್ರಾಂಶ ಬಳಸುವವರಿಗೂ ಇಲ್ಲಿನ ನಿರ್ಧಾರಗಳೆಲ್ಲ ಅನ್ವಯಿಸುತ್ತವೆ. ಬದಲಾಗುವುದು ಗುಂಡಿಗಳ ಜಾಗ ಮಾತ್ರ.

ಮೊದಲ ಹಂತ: ನಿಯಮ ಪುಸ್ತಕ

ಗಣಕದಲ್ಲಿ ಒಂದು ಅಕ್ಷರವನ್ನೂ ಒತ್ತುವ ಮುನ್ನ ಒಂದು ನೋಟ್‌ಪುಸ್ತಕವನ್ನು ತೆರೆದು, ನಿಮ್ಮ ಗ್ರಂಥಾಲಯದ ನಿಯಮಗಳನ್ನು ಅದರಲ್ಲಿ ಬರೆಯಲು ಆರಂಭಿಸಬೇಕು. ಲೇಖಕರ ಇನಿಷಿಯಲ್‌ಗಳನ್ನು ‘ಎಂ.’ ಎಂದು ಬರೆಯುವುದೋ ‘ಎಮ್.’ ಎಂದೋ, ಎರಡು ಇನಿಷಿಯಲ್‌ಗಳ ನಡುವೆ ಖಾಲಿ ಜಾಗ ಬಿಡುವುದೋ ಬೇಡವೋ, ವರ್ಷವನ್ನು 1963 ಎಂದು ಬರೆಯುವುದೋ ಕನ್ನಡ ಅಂಕಿಗಳಲ್ಲೋ, ಮಲಯಾಳ ಪುಸ್ತಕದ ಶೀರ್ಷಿಕೆಯನ್ನು ಮಲಯಾಳ ಲಿಪಿಯಲ್ಲಿ ಮಾತ್ರ ಕೊಡುವುದೋ ಕನ್ನಡ ಲಿಪಿಯಲ್ಲೂ ಕೊಡುವುದೋ ಎಂಬಂಥ ಪ್ರಶ್ನೆಗಳು ಮೊದಲ ದಿನವೇ ಎದುರಾಗುತ್ತವೆ. ಇವುಗಳಲ್ಲಿ ಬಹುತೇಕ ಪ್ರಶ್ನೆಗಳಿಗೆ ಎರಡೂ ಉತ್ತರಗಳು ಸರಿಯೇ. ಆದರೆ ಸೋಮವಾರ ಒಂದು ಉತ್ತರ, ಗುರುವಾರ ಇನ್ನೊಂದು ಉತ್ತರವಾದರೆ ಒಬ್ಬನೇ ಲೇಖಕನ ಪುಸ್ತಕಗಳು ಎರಡು ಕಡೆ ಚದುರಿ ಹೋಗುತ್ತವೆ. ಯಾವ ನಿರ್ಧಾರವನ್ನು ಯಾವ ದಿನಾಂಕದಂದು, ಯಾವ ಪುಸ್ತಕ ಎದುರಾದಾಗ ಕೈಗೊಳ್ಳಲಾಯಿತು ಎಂಬುದನ್ನೂ ಬರೆದಿಡಬೇಕು. ಮುಂದೆ ಬರುವ ಗ್ರಂಥಪಾಲಕರು ಮಲಯಾಳವನ್ನಷ್ಟೇ ಬಲ್ಲವರಾಗಿರಬಹುದಾದ್ದರಿಂದ, ನಿಯಮದ ಸಾರಾಂಶವನ್ನು ಮಲಯಾಳದಲ್ಲಿಯೂ ಒಂದೆರಡು ಸಾಲು ಬರೆಸಿಡುವುದು ವಿವೇಕ.

ಈ ಪುಸ್ತಕವನ್ನು ಅನಗತ್ಯ ಕಾಗದಪತ್ರವೆಂದು ಬಗೆಯುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಗ್ರಂಥಾಲಯದ ಸ್ಟಾಕ್ ರಿಜಿಸ್ಟರಿನಷ್ಟೇ ಮಹತ್ವ ಇದಕ್ಕೂ ಇದೆ.

ಎರಡನೆಯ ಹಂತ: ಅಕ್ಷರಗಳನ್ನು ಸರಿಪಡಿಸಿಕೊಳ್ಳುವುದು

ಕನ್ನಡ ದಾಖಲೆ ಹುಡುಕಿದಾಗ ಸಿಗದಿರುವುದಕ್ಕೆ ಕಾರಣ ಬಹಳಷ್ಟು ಸಲ ಸೂಚೀಕರಣದ ನಿಯಮದಲ್ಲಿ ಇರುವುದಿಲ್ಲ, ಕಣ್ಣಿಗೆ ಕಾಣದ ಅಕ್ಷರದಲ್ಲಿ ಇರುತ್ತದೆ. ಇದನ್ನು ಆರಂಭದಲ್ಲೇ ನೋಡಿಕೊಳ್ಳದಿದ್ದರೆ ಸಾವಿರಾರು ದಾಖಲೆಗಳಾದ ಬಳಿಕ ತಿದ್ದುವುದು ಕಷ್ಟ.

ಹಳೆಯ ಪಟ್ಟಿಗಳು ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ ಅವುಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತನೆಯ ನಂತರ ಅರ್ಕಾವತ್ತು, ಒತ್ತಕ್ಷರ ಮತ್ತು ದೀರ್ಘಗಳನ್ನು ಕಣ್ಣಾರೆ ಪರೀಕ್ಷಿಸಬೇಕು. ಟೈಪಿಂಗಿನಲ್ಲಿ ಪದೇಪದೇ ನುಸುಳುವ ಒಂದು ದೋಷವೆಂದರೆ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಒತ್ತುವುದು. ‘ಕಂಬಳ’ ಮತ್ತು ‘ಕ೦ಬಳ’ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ, ಆದರೆ ಎರಡನೆಯದರಲ್ಲಿರುವುದು ಅಂಕಿ. ಗಣಕದ ಪಾಲಿಗೆ ಅವು ಬೇರೆ ಬೇರೆ ಪದಗಳಾದ್ದರಿಂದ, ಕಂಬಳದ ಮೇಲಿನ ಪುಸ್ತಕ ಕಪಾಟಿನಲ್ಲಿದ್ದೂ ಓದುಗರಿಗೆ ಇಲ್ಲವೆಂಬ ಉತ್ತರ ಸಿಗುತ್ತದೆ. ಇಡೀ ದತ್ತಾಂಶವನ್ನು ಹೊರತೆಗೆದು, ವ್ಯಂಜನ ಅಥವಾ ಸ್ವರದ ಪಕ್ಕದಲ್ಲಿ ಕುಳಿತ ಕನ್ನಡ ಸೊನ್ನೆಯನ್ನು ಹುಡುಕಿ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ, ಅದನ್ನು ಮಾಡಿಯೇ ಮುಂದುವರಿಯಬೇಕು.

ಇನ್ನೊಂದು ತೊಡಕು ಅಗೋಚರ ಜೋಡಕಗಳದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಒಂದಕ್ಕೊಂದು ಒತ್ತಾಗದಂತೆ ತಡೆಯುವ ಅಗಲವಿಲ್ಲದ ಚಿಹ್ನೆಯೊಂದು ನಡುವೆ ಇರುತ್ತದೆ, ‘ರ‍್ಯಾಂಕ್’ ಎಂಬಲ್ಲಿ ಅದಕ್ಕೆ ವಿರುದ್ಧವಾದ ಇನ್ನೊಂದು ಚಿಹ್ನೆ ಇರುತ್ತದೆ. ಓದುಗರು ಇವನ್ನು ಒತ್ತುತ್ತಾರೆಂದು ನಿರೀಕ್ಷಿಸಲಾಗದು. ಆದ್ದರಿಂದ ಹುಡುಕಾಟಕ್ಕೆ ಆಧಾರವಾದ ಕೋಹಾದ ಜೀಬ್ರಾ ಸೂಚ್ಯಂಕವನ್ನು, ಯೂನಿಕೋಡ್ ಪಠ್ಯವನ್ನು ನಿಭಾಯಿಸುವ ಐಸಿಯು ವಿಧಾನಕ್ಕೆ ಬದಲಿಸಿ, ಈ ಎರಡೂ ಚಿಹ್ನೆಗಳನ್ನು ಸೂಚ್ಯಂಕದ ಮಟ್ಟದಲ್ಲಿ ಕೈಬಿಡುವ ನಿಯಮವನ್ನು ಸೇರಿಸಿ, ಬಳಿಕ ಎಲ್ಲ ದಾಖಲೆಗಳನ್ನು ಮತ್ತೊಮ್ಮೆ ಸೂಚ್ಯಂಕಕ್ಕೆ ಒಳಪಡಿಸಬೇಕು. ದಾಖಲೆಯಲ್ಲಿ ಪದವು ಸರಿಯಾಗಿಯೇ ಉಳಿಯುತ್ತದೆ, ಹುಡುಕಾಟದಲ್ಲಷ್ಟೇ ಅಡ್ಡಿ ತಪ್ಪುತ್ತದೆ. ‘ಕೋ’, ‘ಕೀ’ಗಳಂಥ ದೀರ್ಘಾಕ್ಷರಗಳನ್ನು ಕೆಲವು ಕೀಲಿಮಣೆಗಳು ಬಿಡಿಭಾಗಗಳಾಗಿ ದಾಖಲಿಸುವುದುಂಟು, ಯೂನಿಕೋಡಿನ ಸಂಯೋಜಿತ ರೂಪಕ್ಕೆ ತರುವ ಪ್ರಕ್ರಿಯೆಯಿಂದ ಅದು ಸರಿಹೋಗುತ್ತದೆ.

ಸ್ವರವಿಲ್ಲದ ವ್ಯಂಜನವನ್ನು ಸೂಚಿಸುವ ಮಲಯಾಳದ ಚಿಲ್ಲಕ್ಷರಗಳಿಗೆ ಮಾತ್ರ ಪ್ರತ್ಯೇಕ ಎಚ್ಚರ ಬೇಕು. 2008ರಲ್ಲಿ ಬಂದ ಯೂನಿಕೋಡಿನ 5.1ನೇ ಆವೃತ್ತಿಯಲ್ಲಿ ಚಿಲ್ಲುಗಳಿಗೆ ಸ್ವತಂತ್ರ ಸಂಕೇತಗಳು ದೊರೆತವು. ಅದಕ್ಕೂ ಮುಂಚಿನ ಪದ್ಧತಿಯಲ್ಲಿ ಅವು ವ್ಯಂಜನ, ಚಂದ್ರಕ್ಕಲ (ಹಲಂತ ಚಿಹ್ನೆ) ಮತ್ತು ಅಗೋಚರ ಜೋಡಕದಿಂದ ರೂಪುಗೊಳ್ಳುತ್ತಿದ್ದವು. ಈ ಎರಡನ್ನೂ ಯೂನಿಕೋಡಿನ ಸಾಮಾನ್ಯ ಸಮೀಕರಣ ಪ್ರಕ್ರಿಯೆ ಒಂದೆಂದು ಪರಿಗಣಿಸುವುದಿಲ್ಲ. ಜೋಡಕವನ್ನು ತೆಗೆದುಹಾಕುವ ನಿಯಮಕ್ಕಿಂತ ಮೊದಲು ಹಳೆಯ ಚಿಲ್ಲನ್ನು ಹೊಸ ಚಿಲ್ಲಿಗೆ ಬದಲಿಸುವ ನಿಯಮವನ್ನು ಇಡದಿದ್ದರೆ, ಕನ್ನಡದ ಹುಡುಕಾಟ ಸರಿಹೋಗಿ ಮಲಯಾಳದ ಹುಡುಕಾಟ ಕೆಡುತ್ತದೆ.

ಮೂರನೆಯ ಹಂತ: ಪುಸ್ತಕವನ್ನು ವಿವರಿಸುವುದು

ವಿವರಣೆಗೆ ಆಧಾರ ಶೀರ್ಷಿಕೆ ಪುಟ, ರಕ್ಷಾಪುಟವಲ್ಲ. ಶೀರ್ಷಿಕೆ ಪುಟದಲ್ಲಿರುವ ಹೆಸರನ್ನು ಶೀರ್ಷಿಕೆಗೆ ಮೀಸಲಾದ 245ನೇ ಕ್ಷೇತ್ರದಲ್ಲಿ ಅದರ ಕಾಗುಣಿತದೊಂದಿಗೆ ಇದ್ದ ಹಾಗೆಯೇ ಬರೆಯಬೇಕು. ರಕ್ಷಾಪುಟದ ಮೇಲೆ ಅಥವಾ ಬೆನ್ನಿನ ಮೇಲೆ ಬೇರೆ ಹೆಸರಿದ್ದರೆ ಅದು ಪರ್ಯಾಯ ಶೀರ್ಷಿಕೆಯ 246ಕ್ಕೆ ಹೋಗುತ್ತದೆ. ‘ಶ್ರೀ’, ‘ಶ್ರೀಮದ್’ ಎಂದು ಆರಂಭವಾಗುವ ಶೀರ್ಷಿಕೆಗಳು ಯಕ್ಷಗಾನ, ಸ್ತೋತ್ರ ಮತ್ತು ಸ್ಥಳಪುರಾಣದ ಪುಸ್ತಕಗಳಲ್ಲಿ ಹೇರಳವಾಗಿವೆ. ಇಂಗ್ಲಿಷಿನ ಆರ್ಟಿಕಲ್‌ಗಳನ್ನು ಬಿಟ್ಟುಬಿಡುವಂತೆ ‘ಶ್ರೀ’ಯನ್ನು ಅಕ್ಷರಾನುಕ್ರಮದಲ್ಲಿ ಬಿಟ್ಟುಬಿಡಲು ಅವಕಾಶವಿಲ್ಲವಾದ್ದರಿಂದ, ‘ಶ್ರೀ’ ಇಲ್ಲದ ರೂಪವನ್ನು 246ರಲ್ಲಿ ಕೊಟ್ಟರೆ ಎರಡೂ ದಾರಿಯಿಂದ ಪುಸ್ತಕ ಸಿಗುತ್ತದೆ.

ಪ್ರಕಟಣೆಯ ವಿವರ 264ನೇ ಕ್ಷೇತ್ರದಲ್ಲಿ, ಎರಡನೆಯ ಸೂಚಕ (ಕ್ಷೇತ್ರದ ವಿವರ ಯಾವ ಬಗೆಯದೆಂದು ಹೇಳುವ ಅಂಕಿ) 1 ಎಂದು ಬರಬೇಕು. ಮುದ್ರಣಾಲಯದ ಹೆಸರಷ್ಟೇ ಇದ್ದು ಪ್ರಕಾಶಕರ ಹೆಸರಿಲ್ಲದ ಹಳೆಯ ಪುಸ್ತಕಗಳಲ್ಲಿ ಮುದ್ರಕರನ್ನು ಪ್ರಕಾಶಕರೆಂದು ಬರೆಯದೆ, ಎರಡನೆಯ ಸೂಚಕ 3 ಇಟ್ಟು ಪ್ರತ್ಯೇಕವಾಗಿ ದಾಖಲಿಸಬೇಕು. ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತುಸಂಖ್ಯೆ) ಇದ್ದರೆ 020ರಲ್ಲಿ ಕೊಡಬೇಕು. ಭಾರತದ ಸಂಖ್ಯೆಗಳು 81 ಅಥವಾ 93ರ ಗುಂಪಿನವು, 2007ರ ಜನವರಿಯಿಂದ ಹದಿಮೂರು ಅಂಕಿಗಳು ಬಳಕೆಗೆ ಬಂದಿವೆ. ಸಂಖ್ಯೆಯೇ ಇಲ್ಲದ ಪುಸ್ತಕಗಳು ನಮ್ಮ ಸಂಗ್ರಹಗಳಲ್ಲಿ ಎಷ್ಟೋ ಇವೆ, ಅದಕ್ಕಾಗಿ ಚಿಂತಿಸಬೇಕಾಗಿಲ್ಲ.

ಇಸವಿಯನ್ನು ನಿರ್ಧರಿಸುವುದು ಇಲ್ಲಿ ನಿಜವಾದ ಪರಿಶ್ರಮದ ಕೆಲಸ. ಪುಸ್ತಕದಲ್ಲಿ ಶಾಲಿವಾಹನ ಶಕ ವರ್ಷವಿದ್ದರೆ 78 ಕೂಡಿಸಬೇಕು, ಜನವರಿಯಿಂದ ಯುಗಾದಿಯವರೆಗಿನ ತಿಂಗಳುಗಳಾದರೆ 79. ಮಲಯಾಳ ಪುಸ್ತಕದ ಕೊಲ್ಲವರ್ಷಕ್ಕೆ, ಚಿಂಗ ಮಾಸದಿಂದ (ಆಗಸ್ಟ್ ನಡುವಿನಿಂದ) ಡಿಸೆಂಬರಿನವರೆಗೆ 824, ಅಲ್ಲಿಂದ ಮುಂದಕ್ಕೆ 825. ಬರಿಯ ಸಂವತ್ಸರದ ಹೆಸರಿದ್ದರೆ ಅದು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುವಂಥದ್ದು. ‘ಕ್ರೋಧಿ’ ಎಂದಿದ್ದರೆ 1904–05 ಆಗಬಹುದು, 1964–65 ಆಗಬಹುದು. ಆಗ ಪುಸ್ತಕದ ಬೆಲೆಯನ್ನು ನೋಡಿ. ಬೆಲೆ ಆಣೆಗಳಲ್ಲಿದ್ದರೆ ಪುಸ್ತಕ ಬಹುಮಟ್ಟಿಗೆ ಹಿಂದಿನದು, ಏಕೆಂದರೆ 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಿತು. ವಿಳಾಸವನ್ನೂ ನೋಡಿ. ಕಾಸರಗೋಡು ತಾಲೂಕು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಕೇರಳಕ್ಕೆ ಸೇರಿದ ಮೇಲೆ ಕಣ್ಣೂರು ಜಿಲ್ಲೆಯ ಭಾಗವಾಗಿತ್ತು, 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಹಾಗಾಗಿ ‘ಕಣ್ಣೂರು ಜಿಲ್ಲೆ’ ಎಂಬ ಒಂದೇ ಒಂದು ಪದವು ಪುಸ್ತಕದ ಕಾಲವನ್ನು ಮೂರು ದಶಕಗಳೊಳಗೆ ಕಟ್ಟಿಹಾಕುತ್ತದೆ. ಹೀಗೆ ಊಹಿಸಿ ಕಂಡುಕೊಂಡ ಇಸವಿಯನ್ನು ಚೌಕಾವರಣದಲ್ಲಿಟ್ಟು, ಊಹೆಗೆ ಆಧಾರವೇನೆಂದು 500ನೇ ಕ್ಷೇತ್ರದಲ್ಲಿ ಒಂದು ವಾಕ್ಯ ಬರೆಯಬೇಕು.

ನಾಲ್ಕನೆಯ ಹಂತ: ಹೆಸರುಗಳ ಅಧಿಕೃತ ರೂಪ

ಇಡೀ ಕೆಲಸದಲ್ಲಿ ಹೆಚ್ಚು ಸಮಯವನ್ನು ಕೊಡಬೇಕಾದ ಜಾಗ ಇದು. ಒಂದು ಹೆಸರಿನ ಹಲವು ರೂಪಗಳಲ್ಲಿ ಎಲ್ಲ ದಾಖಲೆಗಳಿಗೂ ಬಳಸಲೆಂದು ಆರಿಸಿಕೊಂಡದ್ದೇ ಅಧಿಕೃತ ರೂಪ. ಎಎಸಿಆರ್ 2 ಎಂಬ ಸೂಚೀಕರಣ ನಿಯಮಾವಳಿಯು ಕನ್ನಡ, ಮಲಯಾಳ, ತಮಿಳು ಮತ್ತು ತೆಲುಗು ಹೆಸರುಗಳ ಬಗ್ಗೆ ಪ್ರತ್ಯೇಕವಾಗಿ ಹೇಳುತ್ತದೆ. ಕುಲನಾಮವನ್ನು ಉಪನಾಮವಾಗಿ ಬಳಸದ ಕಡೆ ವ್ಯಕ್ತಿಯ ಸ್ವಂತ ಹೆಸರನ್ನು ಮೊದಲಿಗೆ ತರಬೇಕು, ಅದರ ಹಿಂದೆ ಬರುವ ಊರಿನ ಅಥವಾ ತಂದೆಯ ಹೆಸರು ನಂತರ ಬರಬೇಕು ಎಂಬುದು ಅದರ ತಾತ್ಪರ್ಯ.

ಕಯ್ಯಾರ ಕಿಞ್ಞಣ್ಣ ರೈ (1915–2015) ಅವರ ಹೆಸರನ್ನೇ ತೆಗೆದುಕೊಳ್ಳೋಣ. ಇದರಲ್ಲಿ ಕಯ್ಯಾರ ಎಂಬುದು ಊರು, ಕಿಞ್ಞಣ್ಣ ಎಂಬುದು ಸ್ವಂತ ಹೆಸರು, ರೈ ಎಂಬುದು ಕುಲನಾಮ. ಆದ್ದರಿಂದ ಅಧಿಕೃತ ರೂಪವು ‘ಕಿಞ್ಞಣ್ಣ ರೈ, ಕಯ್ಯಾರ, 1915–2015’ ಎಂದಾಗುತ್ತದೆ. ಆದರೆ ಞಕಾರವು ಕನ್ನಡದ ಟೈಪಿಂಗಿನಲ್ಲಿ ಎಲ್ಲರ ಕೈಗೂ ಒಗ್ಗಿದ ಅಕ್ಷರವಲ್ಲ. ‘ಕಿಂಞಣ್ಣ’, ‘ಕಿಞಣ್ಣ’, ‘ಕಿನ್ಹಣ್ಣ’, ‘ಕಿಂಜಣ್ಣ’ ಎಂದು ಹುಡುಕುವವರೂ ಇರುತ್ತಾರೆ, ‘ಕಯ್ಯಾರ’ ಎಂದಷ್ಟೇ ಹುಡುಕುವವರು ಅವರಿಗಿಂತಲೂ ಹೆಚ್ಚು. ಹೆಸರಿಗಾಗಿಯೇ ಪ್ರತ್ಯೇಕವಾಗಿ ಮಾಡುವ ಕೋಹಾದ ಅಧಿಕೃತ ದಾಖಲೆಯಲ್ಲಿ 100ನೇ ಕ್ಷೇತ್ರಕ್ಕೆ ನಿರ್ಧರಿತ ರೂಪವನ್ನು ಕೊಟ್ಟು, ಉಳಿದ ಪ್ರತಿಯೊಂದು ರೂಪವನ್ನೂ ಪ್ರತ್ಯೇಕ 400ನೇ ಕ್ಷೇತ್ರದಲ್ಲಿ ಸೇರಿಸಬೇಕು. ಮಲಯಾಳ ಲಿಪಿಯ ರೂಪವನ್ನೂ ರೋಮನ್ ಲಿಪಿಯ ರೂಪವನ್ನೂ ಅಲ್ಲಿಯೇ ಸೇರಿಸಬೇಕು. 670ರಲ್ಲಿ ಯಾವ ಪುಸ್ತಕವನ್ನು ನೋಡಿ ಈ ಹೆಸರನ್ನು ನಿರ್ಧರಿಸಲಾಯಿತೆಂದು ಬರೆಯಬೇಕು. ಇಷ್ಟು ಮಾಡಿದರೂ ಕೋಹಾದ ಸಾಮಾನ್ಯ ಹುಡುಕಾಟವು ಈ ಪರ್ಯಾಯ ರೂಪಗಳನ್ನು ತಾನಾಗಿ ನೋಡುವುದಿಲ್ಲ. ವ್ಯವಸ್ಥೆಯ ಆದ್ಯತೆಗಳಲ್ಲಿ ‘ಇನ್‌ಕ್ಲೂಡ್ ಸೀ ಫ್ರಮ್ ಇನ್ ಸರ್ಚಸ್’ ಎಂಬುದನ್ನು ಚಾಲೂ ಮಾಡಿ ಮರುಸೂಚ್ಯಂಕ ನಡೆಸಿದಾಗ ಮಾತ್ರ ‘ಕಿಂಜಣ್ಣ’ ಎಂದು ಟೈಪಿಸಿದ ಓದುಗರಿಗೂ ಕವಿಯ ಪುಸ್ತಕಗಳು ತೆರೆದುಕೊಳ್ಳುತ್ತವೆ. ಈ ಒಂದು ಆಯ್ಕೆಯನ್ನು ಚಾಲೂ ಮಾಡದೆ ಅಧಿಕೃತ ದಾಖಲೆಗಳಿಗೆ ತಿಂಗಳುಗಟ್ಟಲೆ ಶ್ರಮಿಸಿದರೆ ಆ ಶ್ರಮದ ಫಲ ಓದುಗರನ್ನು ತಲುಪುವುದಿಲ್ಲ.

ಮಂಜೇಶ್ವರದ ಎಂ. ಗೋವಿಂದ ಪೈ (1883–1963) ಅವರ ಹೆಸರಿನಲ್ಲಿ ಪ್ರಶ್ನೆ ಸ್ವಲ್ಪ ಭಿನ್ನ. ‘ಪೈ’ ಎಂಬುದು ಉಪನಾಮವಾಗಿ ಬಳಕೆಯಲ್ಲಿರುವುದರಿಂದ ‘ಪೈ, ಗೋವಿಂದ’ ಎಂಬ ರೂಪಕ್ಕೆ ನಿಯಮದ ಬೆಂಬಲವಿದೆ. ಆದರೆ ಕನ್ನಡ ಓದುಗರ ಬಾಯಲ್ಲಿ ಅವರು ಗೋವಿಂದ ಪೈಗಳು, ‘ಪ’ ಅಕ್ಷರದ ಕೆಳಗೆ ಅವರನ್ನು ಯಾರೂ ಹುಡುಕುವುದಿಲ್ಲ. ಕನ್ನಡದ ಸಂಗ್ರಹವೇ ಪ್ರಧಾನವಾಗಿರುವ ಗ್ರಂಥಾಲಯದಲ್ಲಿ ‘ಗೋವಿಂದ ಪೈ, ಎಂ.’ ಎಂಬುದನ್ನೇ ಅಧಿಕೃತ ರೂಪವಾಗಿಟ್ಟು, ‘ಪೈ, ಗೋವಿಂದ’ ಮತ್ತು ‘ಮಂಜೇಶ್ವರ ಗೋವಿಂದ ಪೈ’ ಎಂಬುದನ್ನು ಪರ್ಯಾಯವಾಗಿಡುವುದು ಸರಿಯೆಂದು ನಾನು ಭಾವಿಸುತ್ತೇನೆ. ಕಾಮತ್, ಶೆಣೈ, ಪ್ರಭು ಮುಂತಾದ ಹೆಸರುಗಳಿಗೂ ಇದೇ ಕ್ರಮವನ್ನು ಅನುಸರಿಸಿ, ನಿಯಮ ಪುಸ್ತಕದಲ್ಲಿ ಬರೆದಿಡಬೇಕು.

ಯಕ್ಷಗಾನ ಪ್ರಸಂಗಗಳ ವಿಷಯದಲ್ಲಿ ಕರ್ತೃತ್ವವೇ ಚರ್ಚೆಗೆ ಒಳಪಟ್ಟಿರುವುದುಂಟು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳ ಕುರಿತು ವಿದ್ವಾಂಸರಲ್ಲಿ ದೀರ್ಘ ವಾದವೇ ನಡೆದಿದೆ. ಆ ವಾದವನ್ನು ತೀರ್ಮಾನಿಸುವುದು ಸೂಚೀಕಾರರ ಕೆಲಸವಲ್ಲ. ಶೀರ್ಷಿಕೆ ಪುಟವು ಯಾರನ್ನು ಕರ್ತೃವೆನ್ನುತ್ತದೋ ಅವರನ್ನು ನಮೂದಿಸಿ, ಭಿನ್ನಾಭಿಪ್ರಾಯವಿದ್ದರೆ ಟಿಪ್ಪಣಿಯಲ್ಲಿ ತಿಳಿಸಿದರೆ ಸಾಕು.

ಊರಿನ ಹೆಸರುಗಳು

ವ್ಯಕ್ತಿನಾಮಗಳಿಗೆ ಮಾಡಿದ್ದನ್ನೇ ಸ್ಥಳನಾಮಗಳಿಗೂ ಮಾಡಬೇಕು. ಮಂಜೇಶ್ವರ ಮತ್ತು ಮಂಜೇಶ್ವರಂ, ಕುಂಬಳೆ ಮತ್ತು ಕುಂಬಳ, ನೀಲೇಶ್ವರ ಮತ್ತು ನೀಲೇಶ್ವರಂ, ಹೊಸದುರ್ಗ ಮತ್ತು ಕಾಞಂಗಾಡ್ ಎಂಬ ಜೋಡಿಗಳಲ್ಲಿ ಒಂದನ್ನು ಆರಿಸಿ ಮತ್ತೊಂದನ್ನು 451ನೇ ಕ್ಷೇತ್ರದಲ್ಲಿ ಕೊಡಬೇಕು. ಹೊಸದುರ್ಗದ ಹೆಸರಿನ ಮುಂದೆ ಜಿಲ್ಲೆಯ ಹೆಸರನ್ನು ಸೇರಿಸುವುದು ಕಡ್ಡಾಯ, ಏಕೆಂದರೆ ಚಿತ್ರದುರ್ಗ ಜಿಲ್ಲೆಯಲ್ಲಿಯೂ ಅದೇ ಹೆಸರಿನ ತಾಲೂಕು ಇದೆ. ಪ್ರಕಟಣೆಯ ಸ್ಥಳವನ್ನು ಮಾತ್ರ ಪುಸ್ತಕದಲ್ಲಿ ಅಚ್ಚಾಗಿರುವಂತೆಯೇ ಉಳಿಸಬೇಕು, ಅಲ್ಲಿ ತಿದ್ದುಪಡಿ ಸಲ್ಲದು.

ಐದನೆಯ ಹಂತ: ಭಾಷೆ, ಲಿಪಿ ಮತ್ತು ಅನುವಾದ

008ನೇ ಕ್ಷೇತ್ರದ 35ರಿಂದ 37ರವರೆಗಿನ ಸ್ಥಾನಗಳಲ್ಲಿ ಭಾಷೆಯ ಮೂರಕ್ಷರದ ಸಂಕೇತವಿರುತ್ತದೆ. ಕನ್ನಡಕ್ಕೆ ಕೆ-ಎ-ಎನ್, ಮಲಯಾಳಕ್ಕೆ ಎಂ-ಎ-ಎಲ್, ಕೊಂಕಣಿಗೆ ಕೆ-ಒ-ಕೆ. ತುಳುವಿಗೆ ಮಾರ್ಕ್ ಪಟ್ಟಿಯಲ್ಲಿ ಸ್ವಂತ ಸಂಕೇತವಿಲ್ಲದೆ, ಇತರ ದ್ರಾವಿಡ ಭಾಷೆಗಳಿಗೆಲ್ಲ ಮೀಸಲಾದ ಡಿ-ಆರ್-ಎ ಎಂಬ ಸಂಕೇತದ ಅಡಿಯಲ್ಲಿ ಅದು ಬರುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ತುಳು ಪುಸ್ತಕಗಳನ್ನು ಭಾಷೆಯ ಪ್ರಕಾರ ಬೇರ್ಪಡಿಸಲು ಸಾಧ್ಯವಾಗದು. ಇದಕ್ಕೆ ಪರಿಹಾರ ಸರಳ. ಭಾಷೆಗಳಿಗೆ ಮೀಸಲಾದ 041ನೇ ಕ್ಷೇತ್ರದ ಎರಡನೆಯ ಸೂಚಕವನ್ನು 7 ಎಂದು ಇಟ್ಟು, ಐಎಸ್ಒ 639-3 ಪಟ್ಟಿಯಲ್ಲಿ ತುಳುವಿಗೆ ಕೊಡಲಾದ ಟಿ-ಸಿ-ವೈ ಸಂಕೇತವನ್ನು ನಮೂದಿಸಿ, ಆ ಪಟ್ಟಿಯ ಹೆಸರನ್ನು ಉಪಕ್ಷೇತ್ರ (ಕ್ಷೇತ್ರದೊಳಗಿನ ಭಾಗ) 2ರಲ್ಲಿ ಹೇಳಬೇಕು. ತುಳುವನ್ನು ಉಳಿಸಬೇಕೆಂದು ಬಯಸುವ ಗ್ರಂಥಾಲಯವು ಪ್ರತಿ ತುಳು ಪುಸ್ತಕಕ್ಕೂ ಈ ಒಂದು ಸಾಲನ್ನು ತಪ್ಪದೆ ಬರೆಯಬೇಕು, ಏಕೆಂದರೆ ಎಣಿಕೆಗೆ ಸಿಗದ ಸಂಗ್ರಹಕ್ಕೆ ಹಣವೂ ಸಿಗುವುದಿಲ್ಲ.

ಲಿಪಿಯ ವಿವರ 546ಕ್ಕೆ ಸೇರಿದ್ದು. ‘ತುಳು ಭಾಷೆ, ಕನ್ನಡ ಲಿಪಿ’ ಎಂದು ಅಲ್ಲಿ ಸ್ಪಷ್ಟವಾಗಿ ಬರೆಯಬೇಕು. ಮನೆತನಗಳಿಂದ ಬರುವ ತಾಳೆಗರಿಗಳಲ್ಲಿ ತಿಗಳಾರಿ ಎಂದೂ ಕರೆಯಲಾಗುವ ತುಳು ಲಿಪಿಯಲ್ಲಿ ಸಂಸ್ಕೃತ ಗ್ರಂಥಗಳೂ ಇರುವುದರಿಂದ, ಲಿಪಿ ತುಳುವಾದ ಮಾತ್ರಕ್ಕೆ ಭಾಷೆಯೂ ತುಳುವೆಂದು ಬರೆಯಬಾರದು. ಈ ಲಿಪಿಯು 2024ರಲ್ಲಿ ಬಂದ ಯೂನಿಕೋಡ್ 16ನೇ ಆವೃತ್ತಿಯಲ್ಲಿ ಸ್ಥಾನ ಪಡೆದಿದೆಯಾದರೂ, ಸದ್ಯಕ್ಕೆ ಕನ್ನಡ ಲಿಪಿಯ ರೂಪವನ್ನು 245ರಲ್ಲಿ ಕೊಡುವುದೇ ವ್ಯಾವಹಾರಿಕ.

ಮಲಯಾಳದಿಂದ ಕನ್ನಡಕ್ಕೂ ಕನ್ನಡದಿಂದ ಮಲಯಾಳಕ್ಕೂ ಆದ ಅನುವಾದಗಳು ಈ ನೆಲದ ವಿಶೇಷ ಸಂಪತ್ತು. ಅಂಥ ಪುಸ್ತಕಕ್ಕೆ 041ರ ಮೊದಲ ಸೂಚಕ 1, ಉಪಕ್ಷೇತ್ರ ಎ-ಯಲ್ಲಿ ಪುಸ್ತಕದ ಭಾಷೆ, ಉಪಕ್ಷೇತ್ರ ಎಚ್-ನಲ್ಲಿ ಮೂಲ ಭಾಷೆ ಬರಬೇಕು. ಮೂಲ ಶೀರ್ಷಿಕೆಯನ್ನು 240ರಲ್ಲಿ ಮೂಲ ಲಿಪಿಯಲ್ಲೇ ಕೊಡಬೇಕು. ಅನುವಾದಕರನ್ನು ಟಿಪ್ಪಣಿಯಲ್ಲಿ ಅಡಗಿಸದೆ 700ನೇ ಕ್ಷೇತ್ರದಲ್ಲಿ ‘ಅನುವಾದಕ’ ಎಂಬ ಪಾತ್ರದೊಂದಿಗೆ ನಮೂದಿಸಬೇಕು. ಗಡಿನಾಡಿನಲ್ಲಿ ಅನುವಾದಕರ ಹೆಸರಿನಿಂದಲೇ ಪುಸ್ತಕ ಹುಡುಕುವವರಿದ್ದಾರೆ.

ಆರನೆಯ ಹಂತ: ವರ್ಗೀಕರಣ ಮತ್ತು ಕರೆಸಂಖ್ಯೆ

ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಮಲಯಾಳ ಸಾಹಿತ್ಯಕ್ಕೆ 894.812. ಇದಕ್ಕೆ ಪ್ರಕಾರದ ಅಂಕಿ ಸೇರುತ್ತದೆ: ಕಾವ್ಯಕ್ಕೆ 1, ನಾಟಕಕ್ಕೆ 2, ಕಥೆ ಕಾದಂಬರಿಗಳಿಗೆ 3, ಪ್ರಬಂಧಕ್ಕೆ 4. ಹೀಗೆ ಕನ್ನಡ ಕವನ ಸಂಕಲನ 894.8141 ಆದರೆ ಮಲಯಾಳ ಕಾದಂಬರಿ 894.8123 ಆಗುತ್ತದೆ. ಸ್ಥಳೀಯ ಭಾಷೆಗೆ ಚಿಕ್ಕ ಸಂಖ್ಯೆ ಕೊಡುವ ಆಯ್ಕೆಯೂ ಪದ್ಧತಿಯಲ್ಲಿದೆ. ಆದರೆ ಹೊರಗಿನಿಂದ ದಾಖಲೆಗಳನ್ನು ತರಿಸಿಕೊಳ್ಳುವಾಗ ಪ್ರತಿಯೊಂದನ್ನೂ ತಿದ್ದಬೇಕಾಗುವುದರಿಂದ ಅದನ್ನು ನಾನು ಶಿಫಾರಸು ಮಾಡುವುದಿಲ್ಲ.

ಅನುವಾದಿತ ಕೃತಿಯು ಮೂಲ ಭಾಷೆಯ ಸಾಹಿತ್ಯದಲ್ಲಿ ಸೇರಬೇಕೆಂಬುದು ಡ್ಯೂಯಿಯ ನಿಯಮ. ಅಂದರೆ ಕನ್ನಡಕ್ಕೆ ಬಂದ ಮಲಯಾಳ ಕಾದಂಬರಿಗೂ 894.8123ಯೇ ಸಂಖ್ಯೆ. ಕನ್ನಡವಷ್ಟೇ ಬಲ್ಲ ಓದುಗರಿಗೆ ಇದರಿಂದ ತೊಂದರೆಯಾಗದಂತೆ, ಬೆನ್ನಿನ ಚೀಟಿಯಲ್ಲಿ ಸಂಖ್ಯೆಗಿಂತ ಮೇಲೆ ಪುಸ್ತಕದ ಭಾಷೆಯನ್ನು ಸೂಚಿಸುವ ‘ಕ’, ‘ಮ’, ‘ತು’, ‘ಕೊಂ’ ಎಂಬ ಅಕ್ಷರವನ್ನು ಬರೆದು, ಕಪಾಟುಗಳನ್ನು ಮೊದಲು ಭಾಷೆಯ ಪ್ರಕಾರ, ಆಮೇಲೆ ಸಂಖ್ಯೆಯ ಪ್ರಕಾರ ಜೋಡಿಸಬೇಕು. ನಿಯಮವೂ ಉಳಿಯುತ್ತದೆ, ಕಪಾಟಿನ ಮುಂದೆ ನಿಂತವರಿಗೆ ಗೊಂದಲವೂ ಆಗುವುದಿಲ್ಲ.

ಪ್ರಾದೇಶಿಕ ವಿಷಯಗಳಿಗೆ ಒಂದು ಸೂತ್ರವನ್ನು ಗಟ್ಟಿಯಾಗಿ ಹಿಡಿಯಬೇಕು. ಕೇರಳದ ಇತಿಹಾಸಕ್ಕೆ 954.83, ಕರ್ನಾಟಕಕ್ಕೆ 954.87. ವರ್ಗೀಕರಣವು ಈಗಿನ ಗಡಿಯನ್ನು ಅನುಸರಿಸುವುದರಿಂದ, ಕಾಸರಗೋಡನ್ನೇ ಕುರಿತ ಪುಸ್ತಕವು 1956ಕ್ಕೆ ಮೊದಲಿನ ಕಾಲವನ್ನು ಹೇಳಿದರೂ 954.83ರಲ್ಲಿಯೇ ಸೇರಬೇಕು. ಅವಿಭಜಿತ ದಕ್ಷಿಣ ಕನ್ನಡವನ್ನು ಕುರಿತ ಪುಸ್ತಕವು 954.87ಕ್ಕೆ ಸೇರಿ, ಸ್ಥಳವನ್ನು ವಿಷಯವಾಗಿ ಸೂಚಿಸುವ 651ನೇ ಕ್ಷೇತ್ರದಲ್ಲಿ ಕಾಸರಗೋಡಿನ ಹೆಸರನ್ನೂ ಪಡೆಯಬೇಕು. ಪಾಡ್ದನ ಮತ್ತು ಇತರ ಮೌಖಿಕ ಕಾವ್ಯಗಳು 398.2ರ ಅಡಿಯಲ್ಲಿ ಬರುತ್ತವೆ. ಯಕ್ಷಗಾನ ಪ್ರಸಂಗದ ಪಠ್ಯವನ್ನು 894.8142ರಲ್ಲಿಟ್ಟು, ಯಕ್ಷಗಾನದ ರಂಗಪ್ರಯೋಗವನ್ನು ಕುರಿತ ಅಧ್ಯಯನವನ್ನು 792.0954ರಲ್ಲಿ ಇಡುವುದು ಸಮಂಜಸ.

ವರ್ಗೀಕರಣದ ಸಂಖ್ಯೆಯೊಂದಿಗೆ ಸೇರಿ ಕರೆಸಂಖ್ಯೆಯಾಗುವ ಪುಸ್ತಕಸಂಖ್ಯೆಗೆ ಲೇಖಕರ ಅಧಿಕೃತ ಹೆಸರಿನ ಮೊದಲ ಎರಡು ಅಕ್ಷರಗಳನ್ನು ಕನ್ನಡದಲ್ಲೇ ಬರೆಯಬಹುದು. ಒತ್ತಕ್ಷರವನ್ನು ಒಂದೇ ಅಕ್ಷರವೆಂದು ಎಣಿಸಬೇಕೆಂಬುದನ್ನು ಸಹಾಯಕರಿಗೆ ತಿಳಿಸಿಕೊಡಬೇಕು.

ಏಳನೆಯ ಹಂತ: ವಿಷಯ ಶೀರ್ಷಿಕೆ

ವಿಷಯಪದಗಳ ಸಿಯರ್ಸ್ ಪಟ್ಟಿಯನ್ನೋ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪಟ್ಟಿಯನ್ನೋ ಆಧಾರವಾಗಿಟ್ಟುಕೊಂಡು, ಪ್ರತಿ ಪದಕ್ಕೂ ನಿಮ್ಮ ಗ್ರಂಥಾಲಯದ ಕನ್ನಡ ರೂಪವನ್ನು ನಿಗದಿಪಡಿಸಿ ಅಧಿಕೃತ ದಾಖಲೆಯಾಗಿ ಇಡಬೇಕು. ಕಾಂಗ್ರೆಸ್ ಪಟ್ಟಿಯ ಇಂಗ್ಲಿಷ್ ಶೀರ್ಷಿಕೆಗೆ ವಿಷಯದ 650ನೇ ಕ್ಷೇತ್ರದ ಎರಡನೆಯ ಸೂಚಕ 0, ಸ್ಥಳೀಯ ಕನ್ನಡ ಶೀರ್ಷಿಕೆಗೆ 4. ಒಂದೇ ದಾಖಲೆಯಲ್ಲಿ ಎರಡನ್ನೂ ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ತೆಯ್ಯಂ, ಭೂತಾರಾಧನೆ, ನಾಗಾರಾಧನೆ, ಸುರಂಗದ ನೀರು, ಅಡಿಕೆ ಕೃಷಿ ಇವೇ ಮೊದಲಾದವು ಇಲ್ಲಿ ಬೇಕಾಗುವ ಶೀರ್ಷಿಕೆಗಳು. ಬೆಟ್ಟದೊಳಕ್ಕೆ ಅಡ್ಡಲಾಗಿ ಕೊರೆದು ನೀರು ತರುವ ಸುರಂಗವನ್ನು ರೈಲುಮಾರ್ಗದ ಸುರಂಗದೊಂದಿಗೆ ಬೆರೆಸದಂತೆ ವಿವರಣಾ ಪದವನ್ನು ಸೇರಿಸಬೇಕು.

ರಾಜ್ಯ ಪುನರ್ವಿಂಗಡಣೆ, ಗಡಿ ವಿವಾದದ ಕುರಿತ 1967ರ ಮಹಾಜನ ಆಯೋಗದ ವರದಿ ಮತ್ತು ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂಬ ವಿಲೀನ ಚಳವಳಿಯನ್ನು ಕುರಿತ ಕರಪತ್ರಗಳು, ಭಾಷಣಗಳು ನಮ್ಮಲ್ಲಿ ಉಳಿದುಬಂದಿವೆ. ಆಯೋಗವು ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕಕ್ಕೆ) ಸೇರಿಸಲು ಶಿಫಾರಸು ಮಾಡಿತ್ತು. ಈ ವಿಷಯದಲ್ಲಿ ಸೂಚೀಕಾರರಿಗೆ ಸ್ವಂತ ಅಭಿಪ್ರಾಯವಿರುವುದು ಸಹಜ, ಆದರೆ ವಿಷಯ ಶೀರ್ಷಿಕೆಯಲ್ಲಿ ಅದು ಕಾಣಿಸಿಕೊಳ್ಳಬಾರದು. ಎರಡೂ ಪಕ್ಷದ ಪುಸ್ತಕಗಳಿಗೆ ಒಂದೇ ಶೀರ್ಷಿಕೆಯನ್ನು ಕೊಡಬೇಕು.

ಎಂಟನೆಯ ಹಂತ: ಸ್ಮರಣ ಸಂಚಿಕೆಗಳು

ಶಾಲೆಗಳ ಶತಮಾನೋತ್ಸವ, ದೇವಸ್ಥಾನಗಳ ಬ್ರಹ್ಮಕಲಶೋತ್ಸವ, ಸಹಕಾರಿ ಸಂಘಗಳ ಸುವರ್ಣ ಮಹೋತ್ಸವ, ಹಿರಿಯರ ಅಭಿನಂದನೆ ಇವುಗಳ ನೆಪದಲ್ಲಿ ಅಚ್ಚಾದ ಸಂಚಿಕೆಗಳು ಕಪಾಟಿನ ಕೆಳಗಿನ ಅಡ್ಡೆಯಲ್ಲಿ ಧೂಳು ಹಿಡಿಯುತ್ತಿರುತ್ತವೆ. ಊರಿನ ಚರಿತ್ರೆಯು ಅಂಗಡಿಯಲ್ಲಿ ಸಿಗುವ ಪುಸ್ತಕಗಳಿಗಿಂತ ಹೆಚ್ಚಾಗಿ ಇವುಗಳಲ್ಲಿದೆ, ಇವಕ್ಕೆ ಎರಡನೆಯ ಪ್ರತಿ ಸಿಗುವುದೂ ದುರ್ಲಭ. ಸಮಯ ಸಾಲದೆಂದು ಏನನ್ನಾದರೂ ಸಂಕ್ಷಿಪ್ತವಾಗಿ ಸೂಚೀಕರಿಸಬೇಕಾದರೆ ಹೊಸ ಕಾದಂಬರಿಗಳನ್ನು ಸಂಕ್ಷೇಪಿಸಿ, ಇವುಗಳನ್ನಲ್ಲ.

ಒಂದು ಶಾಲೆಯ ಶತಮಾನೋತ್ಸವದ ಸಂಚಿಕೆ ಕೈಗೆ ಬಂದಿದೆಯೆನ್ನೋಣ. ಶೀರ್ಷಿಕೆ ಪುಟದಲ್ಲಿ ದೊಡ್ಡಕ್ಷರದಲ್ಲಿ ಒಂದು ಸಂಸ್ಕೃತ ಪದವೂ, ಅದರ ಕೆಳಗೆ ‘ಶತಮಾನೋತ್ಸವ ಸ್ಮರಣ ಸಂಚಿಕೆ’ ಎಂದೂ ಇರುತ್ತದೆ. ದೊಡ್ಡಕ್ಷರದ ಪದ 245ರ ಉಪಕ್ಷೇತ್ರ ಎ-ಗೂ, ಉಳಿದದ್ದು ಬಿ-ಗೂ ಹೋಗುತ್ತದೆ. ಆ ಸಂಸ್ಕೃತ ಪದ ಊರಿನವರಿಗೆ ನೆನಪಿರುವುದಿಲ್ಲ, ಅವರು ಕೇಳುವುದು ‘ನಮ್ಮ ಶಾಲೆಯ ಪುಸ್ತಕ’ ಎಂದು. ಹಾಗಾಗಿ ಊರಿನ ಹೆಸರನ್ನೂ ಶಾಲೆಯ ಹೆಸರನ್ನೂ ಸೇರಿಸಿದ ರೂಪವೊಂದನ್ನು 246ರಲ್ಲಿ ಕಟ್ಟಿಕೊಡಬೇಕು. ಶಾಲೆಯು ಸಂಬಂಧಪಟ್ಟ ಸಂಸ್ಥೆಯಾಗಿ 710ರಲ್ಲಿಯೂ, ವಿಷಯವಾಗಿ 610ರಲ್ಲಿಯೂ ಬರಬೇಕು, ಸಂಪಾದಕರು 700ರಲ್ಲಿ. ಒಳಗಿನ ಲೇಖನಗಳಲ್ಲಿ ಶಾಲೆಯ ಸ್ಥಾಪಕರ ಜೀವನ, ಹಳೆಯ ವಿದ್ಯಾರ್ಥಿಗಳ ನೆನಪು, ಊರಿನ ಸ್ಥಳನಾಮ ಚರ್ಚೆ ಇವೆಲ್ಲ ಇದ್ದರೆ, ಲೇಖನ ಮತ್ತು ಲೇಖಕರ ಪಟ್ಟಿಯನ್ನು 505ರಲ್ಲಿ ಪೂರ್ತಿಯಾಗಿ ಕೊಡಬೇಕು. ಅವುಗಳಲ್ಲಿ ಸಂಶೋಧನೆಗೆ ಉಪಯುಕ್ತವಾದ ಲೇಖನಗಳಿಗೆ ಪ್ರತ್ಯೇಕ ದಾಖಲೆ ಮಾಡಿ, 773ನೇ ಕ್ಷೇತ್ರದ ಮೂಲಕ ಮೂಲ ಸಂಚಿಕೆಗೆ ಜೋಡಿಸಬೇಕು. ಸಂಚಿಕೆಯಲ್ಲಿ ಹಳೆಯ ಛಾಯಾಚಿತ್ರಗಳಿದ್ದರೆ 300ರಲ್ಲಿ ‘ಚಿತ್ರಗಳು’ ಎಂದಷ್ಟೇ ಬರೆಯದೆ, ಯಾವ ಕಾಲದ ಯಾವ ದೃಶ್ಯವೆಂದು 500ರಲ್ಲಿ ಒಂದು ಸಾಲು ಬರೆಯಬೇಕು. ಕನ್ನಡ, ಮಲಯಾಳ ಎರಡೂ ಭಾಷೆಯ ಲೇಖನಗಳಿದ್ದರೆ 041ರಲ್ಲಿ ಎರಡೂ ಸಂಕೇತಗಳು ಬರುತ್ತವೆ.

ಇಂಥ ಸಂಚಿಕೆಗಳಿಗಾಗಿ ಕೋಹಾದಲ್ಲಿ ಪ್ರತ್ಯೇಕ ಚೌಕಟ್ಟನ್ನು ಸಿದ್ಧಪಡಿಸಿ, ಬೇಕಾದ ಕ್ಷೇತ್ರಗಳನ್ನು ಮಾತ್ರ ತೋರಿಸುವಂತೆ ಮಾಡಿಕೊಂಡರೆ ಸಹಾಯಕರೂ ಕೆಲಸವನ್ನು ನಿರ್ವಹಿಸಬಲ್ಲರು.

ಒಂಬತ್ತನೆಯ ಹಂತ: ಹೊರಗಿನ ದಾಖಲೆಗಳನ್ನು ತರಿಸಿಕೊಳ್ಳುವುದು

ಗ್ರಂಥಾಲಯಗಳ ನಡುವೆ ದಾಖಲೆಗಳನ್ನು ಹುಡುಕಿ ತರುವ ಝಡ್39.50 ಎಂಬ ವ್ಯವಸ್ಥೆಯ ಮೂಲಕ ಲೈಬ್ರರಿ ಆಫ್ ಕಾಂಗ್ರೆಸ್ಸಿನಂಥ ಕಡೆಗಳಿಂದ ದಾಖಲೆಗಳನ್ನು ಇಳಿಸಿಕೊಳ್ಳಬಹುದು. ಆ ಸಂಸ್ಥೆಯು ತನ್ನ ದೆಹಲಿ ಕಚೇರಿಯ ಮೂಲಕ ಕನ್ನಡ ಪುಸ್ತಕಗಳನ್ನು ಸಂಗ್ರಹಿಸುತ್ತ ಬಂದಿರುವುದರಿಂದ ಅನೇಕ ಕೃತಿಗಳ ವಿವರ ಅಲ್ಲಿ ಸಿಗುತ್ತದೆ. ಆದರೆ ಹೆಚ್ಚಿನ ದಾಖಲೆಗಳಲ್ಲಿ ಶೀರ್ಷಿಕೆ ಮತ್ತು ಹೆಸರುಗಳು ಚುಕ್ಕೆ, ಅಡ್ಡಗೆರೆಗಳಿರುವ ರೋಮನ್ ಲಿಪಿಯಲ್ಲಿರುತ್ತವೆ. ಆ ರೋಮನ್ ರೂಪವನ್ನು ಅಳಿಸಬಾರದು. ಕನ್ನಡ ರೂಪವನ್ನು 245ರಲ್ಲಿ ಹೊಸದಾಗಿ ಬರೆದು ರೋಮನ್ ರೂಪವನ್ನು ಬೇರೆ ಲಿಪಿಯ ರೂಪಕ್ಕಿರುವ 880ನೇ ಕ್ಷೇತ್ರಕ್ಕೆ ಸಾಗಿಸಿ, ಉಪಕ್ಷೇತ್ರ 6ರ ಮೂಲಕ ಎರಡನ್ನೂ ಜೋಡಿಸಬೇಕು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಹುಡುಕುವವರಿಗೆ ಅದು ನೆರವಾಗುತ್ತದೆ. ಇಳಿಸಿಕೊಂಡ ದಾಖಲೆಯ ಪುಟಸಂಖ್ಯೆ, ಮುದ್ರಣ ಮತ್ತು ಇಸವಿಯನ್ನು ಕೈಯಲ್ಲಿರುವ ಪ್ರತಿಯೊಂದಿಗೆ ಹೋಲಿಸದೆ ಉಳಿಸಬಾರದು, ಮರುಮುದ್ರಣಗಳಲ್ಲಿ ಇವು ಬದಲಾಗಿರುತ್ತವೆ.

ಹತ್ತನೆಯ ಹಂತ: ತಪಾಸಣೆ ಮತ್ತು ಕಾಪು

ದಿನದ ಕೆಲಸ ಮುಗಿದಾಗ ಆ ದಿನ ಸೇರಿಸಿದ ದಾಖಲೆಗಳಲ್ಲಿ ಕೆಲವನ್ನು ಆರಿಸಿ, ಓದುಗರ ಪುಟದಲ್ಲಿ ಅವುಗಳನ್ನು ಕನ್ನಡದಲ್ಲಿ, ಮಲಯಾಳದಲ್ಲಿ ಮತ್ತು ರೋಮನ್ ಅಕ್ಷರಗಳಲ್ಲಿ ಹುಡುಕಿ ನೋಡಬೇಕು. ದಾಖಲೆ ಮಾಡಿದವರಿಗಿಂತ ಬೇರೆಯವರು ಹೀಗೆ ಹುಡುಕುವುದು ಲೇಸು. ಶಾಲೆ ಮುಗಿಸಿ ಗ್ರಂಥಾಲಯಕ್ಕೆ ಬರುವ ಮಕ್ಕಳಿಗೆ ಒಂದು ಹೆಸರನ್ನು ಹೇಳಿ ಟೈಪಿಸಲು ಬಿಟ್ಟರೆ, ನಮಗೆ ಹೊಳೆಯದ ಕಾಗುಣಿತಗಳು ಹೊರಬರುತ್ತವೆ. ಅವನ್ನೆಲ್ಲ ಅಂದೇ 400ನೇ ಕ್ಷೇತ್ರಕ್ಕೆ ಸೇರಿಸಬೇಕು. ತಿಂಗಳಿಗೊಮ್ಮೆ ಹುಡುಕಾಟದ ಇತಿಹಾಸವನ್ನು ತೆಗೆದು ನೋಡಿ, ಫಲಿತಾಂಶ ಸಿಗದ ಪದಗಳನ್ನು ಪರಿಶೀಲಿಸಬೇಕು.

ಬಾರ್‌ಕೋಡಿನ ಸಂಖ್ಯೆಯು ಪ್ರತಿಯ ವಿವರಗಳಿರುವ 952ನೇ ಕ್ಷೇತ್ರದ ಉಪಕ್ಷೇತ್ರ ಪಿ-ಯಲ್ಲಿಯೂ, ಸ್ಟಾಕ್ ರಿಜಿಸ್ಟರಿನಲ್ಲಿಯೂ, ಪುಸ್ತಕದ ಒಳಪುಟದಲ್ಲಿಯೂ ಒಂದೇ ಆಗಿರಬೇಕು. ಕರಾವಳಿಯ ಮಳೆಗಾಲದಲ್ಲಿ ತೇವಕ್ಕೆ ಚೀಟಿಗಳು ಕಿತ್ತುಬರುವುದು ಸಾಮಾನ್ಯವಾದ್ದರಿಂದ, ಒಳಪುಟದಲ್ಲಿ ಪೆನ್ಸಿಲಿನಿಂದ ಕರೆಸಂಖ್ಯೆಯನ್ನು ಬರೆದಿಟ್ಟರೆ ಹೊಸ ಚೀಟಿ ಅಂಟಿಸಲು ಗಣಕವನ್ನು ತೆರೆಯಬೇಕಾಗುವುದಿಲ್ಲ. ಇಡೀ ದತ್ತಾಂಶವನ್ನು ವಾರಕ್ಕೊಮ್ಮೆ ಮಾರ್ಕ್ ಕಡತವಾಗಿ ಹೊರತೆಗೆದು, ಅಧಿಕೃತ ದಾಖಲೆಗಳ ಕಡತವನ್ನೂ ಅದರೊಂದಿಗೆ ಸೇರಿಸಿ, ಗ್ರಂಥಾಲಯದ ಕಟ್ಟಡದ ಹೊರಗೆ ಇನ್ನೊಂದು ಕಡೆ ಇಡಬೇಕು. ಗ್ರಂಥಗಳ ಕಡತವನ್ನಷ್ಟೇ ಉಳಿಸಿ ಹೆಸರುಗಳ ಕಡತವನ್ನು ಮರೆತರೆ ಪರ್ಯಾಯ ಕಾಗುಣಿತಗಳೆಲ್ಲ ಕಳೆದುಹೋಗುತ್ತವೆ. ಆದ್ದರಿಂದ ಹೊರತೆಗೆದ ಎರಡೂ ಕಡತಗಳನ್ನು ವರ್ಷಕ್ಕೆ ಒಮ್ಮೆಯಾದರೂ ಬೇರೊಂದು ಗಣಕದಲ್ಲಿ ತೆರೆದು, ಕನ್ನಡ ಮತ್ತು ಮಲಯಾಳದ ಅಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ನೋಡಿ, ನೋಡಿದ ದಿನಾಂಕವನ್ನು ನಿಯಮ ಪುಸ್ತಕದಲ್ಲಿ ಬರೆಯಬೇಕು.